ಆರ್ಲೋ ನೆಪ್ಚೂನನ ಏಕೈಕ ಅಭಿಮಾನಿ

"ಅದೇ ಹೆಂಗಸು ಮತ್ತೆ ಬಂದಿದ್ಳು ಕಣಪ್ಪ. ನಿನ್ನ ರೆಕಾರ್ಡು ಒಂದೂ ಬಿಡದೆ ಬಾಚ್ಕೊಂಡು ಹೋದ್ಳು," ಎಂದ ಹಡರ್ಸ್‌ಫೀಲ್ಡ್‌ನ ರೆಕಾರ್ಡು ಅಂಗಡಿಯ ಗ್ರಿಮ್‌ಶಾ. "ತಲೆಗೆ ಸ್ಕಾರ್ಫು, ಕೈಯಲ್ಲಿ ಗಾಲಿ ಚೀಲ. ಅಗೋ, ಬಸ್ಸಿಗೆ ನಿಂತಿದ್ದಾಳೆ ನೋಡು."

ಆರ್ಲೋ ನೆಪ್ಚೂನ್ ಕಪ್ಪು ಕನ್ನಡಕ ತೆಗೆದು ನೋಡಿದ. ಅವನ ಅಮ್ಮ.

ಆರ್ಲೋ ಎಂದರೆ ನಿಜದಲ್ಲಿ ಹ್ಯಾಲಿಫ್ಯಾಕ್ಸ್‌ನ ಗಾಯಕ ಕ್ಲಿಫರ್ಡ್ ಹೋಲ್ರಾಯ್ಡ್. ಅವನ ಹಾಡು ಏಳು ನಿಮಿಷದ್ದು. ಮೂರು ನಿಮಿಷ ಶನಿಗ್ರಹದ ವಿಧವೆಯ ಗೋಳು, ಉಳಿದದ್ದು ವ್ಯಾಕ್ಯೂಮ್ ಕ್ಲೀನರಿನ ಸದ್ದು. ಒಂದು ಪತ್ರಿಕೆ ಅದನ್ನು ಕಲೆ ಎಂದಿತ್ತು. ಅಂದಿನಿಂದ ಜನ ಅದರ ತಂಟೆಗೇ ಹೋಗಿರಲಿಲ್ಲ.

ರೆಕಾರ್ಡಿನ ಮುಖಪುಟದಲ್ಲಿ ಅವನು ಬೆಳ್ಳಿ ಬಳಿದ ರೆಪ್ಪೆ, ನೇರಳೆ ತುಟಿ, ಗುಲಾಬಿ ಗರಿಗಳ ಗೌನಿನಲ್ಲಿ ಸೋಫಾಕ್ಕೆ ಒರಗಿದ್ದ. ಗೌನು ಅಮ್ಮನದು, ಎನಿಡ್ ದೊಡ್ಡಮ್ಮ ಕ್ರಿಸ್‌ಮಸ್‌ಗೆ ಕೊಟ್ಟದ್ದು. ಬೀರುವಿನಲ್ಲಿ ಸುಮ್ಮನೆ ಕೊಳೆಯುತ್ತಿತ್ತು, ಕಲೆಗಾದರೂ ಬಂತಲ್ಲ ಎಂದು ಇವನು ಕೇಳದೆ ಎತ್ತಿಕೊಂಡಿದ್ದ.

ಕಂಪನಿಯವರು ಖಡಾಖಂಡಿತ ಹೇಳಿದ್ದರು. ಈ ಮಂಗಳವಾರದ ಮೊದಲ ಐವತ್ತು ಹಾಡುಗಳ ಪಟ್ಟಿಯಲ್ಲಿ ಹೆಸರು ಬರಬೇಕು, ಇಲ್ಲವಾದರೆ ಮನೆಗೆ. ಮನೆಗೆಂದರೆ ಸೋದರಮಾವನ ಮಾಂಸದಂಗಡಿಯಲ್ಲಿ ಸಾಸೇಜ್ ತುಂಬುವುದಕ್ಕೆ.

ಪಟ್ಟಿಗೆ ಮಾರಾಟದ ಲೆಕ್ಕ ಕಳಿಸುವ ಅಂಗಡಿಗಳು ಕೆಲವೇ. ಅವು ಯಾವುವೆಂಬುದು ಗುಟ್ಟು, ಊರಿಗೆಲ್ಲ ಗೊತ್ತಿದ್ದ ಗುಟ್ಟು. ಅಂಥ ಅಂಗಡಿಗಳಿದ್ದ ಹಡರ್ಸ್‌ಫೀಲ್ಡ್, ಕೀಥ್ಲಿ, ಬ್ರಾಡ್‌ಫರ್ಡ್‌ಗಳಲ್ಲಿ ಮಾತ್ರ ಇವನ ರೆಕಾರ್ಡು ಖಾಲಿಯಾಗುತ್ತಿತ್ತು, ಅಂಗಡಿಯವರು ಮತ್ತೆ ದುಪ್ಪಟ್ಟು ತರಿಸುತ್ತಿದ್ದರು. ಕ್ಲಿಫರ್ಡ್‌ಗೆ ಈಗ ಹೊಳೆಯಿತು. ಮೂರೂ ಊರಿನಲ್ಲಿ ಅಮ್ಮನ ಅಕ್ಕತಂಗಿಯರಿದ್ದಾರೆ. ಪಾಪದ ಜೀವ, ಚಹಾದ ನೆಪ ಹೇಳಿ ಹೋಗಿ ಮಗನನ್ನು ಉಳಿಸುತ್ತಿದೆ! ಅವನ ಕಣ್ಣಿನ ಬಣ್ಣ ಕರಗಿ ಕೆನ್ನೆಗಿಳಿಯಿತು.

ಮಂಗಳವಾರ ಅವನು ಮನೆಗೆ ಹೋದ. ಮುಂಗೋಣೆಯಲ್ಲಿ ಹಳೆಯ ಕಾರ್ಪೆಟ್ಟೇ ಇತ್ತು. ಹೊಸದಕ್ಕೆ ಕೂಡಿಟ್ಟ ಹಣ ಎಲ್ಲಿ ಹೋಯಿತೆಂದು ಕೇಳಬೇಕೆ? ಅಗ್ಗಿಷ್ಟಿಕೆಯಿಂದ ಟಾರಿನ ವಾಸನೆ ಬರುತ್ತಿತ್ತು. ಈಚೆಗೆ ಕಲ್ಲಿದ್ದಲೂ ಕಲಬೆರಕೆ ಎಂದುಕೊಂಡ.

"ಅಮ್ಮಾ, ಅಂಗಡಿ ಅಂಗಡಿ ಸುತ್ತೋದು ನೀನೇ ಅಂತ ಗೊತ್ತಾಯ್ತು."

ನೋರಾ ಹೋಲ್ರಾಯ್ಡ್ ಚಹಾದ ಕಪ್ಪನ್ನು ಕೆಳಗಿಟ್ಟಳು. "ನೀನು ನೊಂದ್ಕೋತೀಯ ಅಂತ ಹೇಳ್ಲಿಲ್ಲ ಕಣೋ."

"ನೊಂದ್ಕೊಳ್ಳೋದಾ? ನನಗೋಸ್ಕರ ಇಷ್ಟೊಂದು ಮಾಡಿದೀಯಲ್ಲ."

"ಹೆತ್ತ ಕರುಳು, ಏನ್ ಮಾಡ್ಲಿ. ಆ ಅಂಗಡಿ ಗಾಜಿನ ಹಿಂದೆ ನಿನ್ನ ಮುಖ ನೋಡಿದ್ರೆ ಸುಮ್ನೆ ಬರೋಕಾಗಲ್ಲ."

"ಸಾಕಮ್ಮ, ಇನ್ನು ದುಡ್ಡು ಸುರೀಬೇಡ."

"ಒಂದೇ ಒಂದು ಉಳಿದ್ರೂ ನನಗೆ ನಿದ್ದೆ ಬರಲ್ಲ. ಆ ದರಿದ್ರದೋರು ಖಾಲಿ ಆದಷ್ಟೂ ತಂದಿಡ್ತಾರೆ."

ಕ್ಲಿಫರ್ಡ್ ಅವಳ ಕೈ ಹಿಡಿದುಕೊಂಡ. ಇಂಥ ತಾಯಿ ಎಷ್ಟು ಕಲಾವಿದರಿಗೆ ಸಿಕ್ಕಾಳು? ತನ್ನ ಮುಂದಿನ ಹಾಡನ್ನು ಅವಳಿಗೇ ಅರ್ಪಿಸಬೇಕೆಂದು ಆಗಲೇ ನಿಶ್ಚಯಿಸಿದ. ಅದು ಹದಿನಾಲ್ಕು ನಿಮಿಷದ್ದು.

ಬಾಗಿಲು ದಡದಡ ಬಡಿಯಿತು. ಮ್ಯಾನೇಜರ್ ಮಾರಿಸ್ ಏದುಸಿರು ಬಿಡುತ್ತ ಒಳಬಂದ. "ಮೂವತ್ತೆಂಟನೇ ನಂಬರು ಕಣೋ! ಗುರುವಾರ ಸಂಜೆ ಟಿವಿಯೋರು ಕರ್ದಿದ್ದಾರೆ. ಮುಖಪುಟದ ವೇಷದಲ್ಲೇ ಬರ್ಬೇಕಂತೆ. ಇಡೀ ದೇಶ ನೋಡುತ್ತೆ!"

ಕ್ಲಿಫರ್ಡ್ ಅಮ್ಮನನ್ನು ತಬ್ಬಿಕೊಂಡ. "ಎಲ್ಲಾ ನಿನ್ನಿಂದಲೇ ಅಮ್ಮಾ!"

ನೋರಾ ಬಿಡಿಸಿಕೊಂಡು ಕುರ್ಚಿಯಲ್ಲಿ ಕುಸಿದಳು.

"ಆ ಗೌನಿನ ವೇಷ ಅಕ್ಕತಂಗೀರ ಕಣ್ಣಿಗೆ ಬೀಳದಿರ್ಲಿ ಅಂತ ಒಂದೊಂದನ್ನೂ ಕೊಂಡು ತಂದು ಸುಟ್ಟೆನಲ್ಲೋ," ಎಂದಳು, "ನಿನ್ನನ್ನ ಟಿವಿಗೆ ಹತ್ತಿಸಿದ್ದು ನಾನೇನಾ?"