ಅಳಿಸದೆ ಬಿಟ್ಟ ವಿಳಾಸ

ಸತ್ತವರಿಂದ ಮೇಲ್ ಬರತೊಡಗಿ ಒಂಬತ್ತು ವರ್ಷವಾಗಿತ್ತು. ಅವು ಬದುಕಿದ್ದವರಿಗೆ ಮುಟ್ಟದಂತೆ ತಡೆದು ಅಳಿಸಿಹಾಕುವ ಫಿಲ್ಟರ್ ಪ್ರೋಗ್ರಾಂ ಹುಬ್ಬಳ್ಳಿಯ ಸರ್ವರಿನಲ್ಲಿ ಈಚೆಗೆ ಮೆಮೊರಿ ತುಂಬಿ ಏದುಸಿರು ಬಿಡುತ್ತಿತ್ತು. ಅದನ್ನು ಸರಿಪಡಿಸುವ ಕೆಲಸ ನಸೀಮಾಳ ಪಾಲಿಗೆ ಬಂದಿತ್ತು.

ಮೂರು ದಿನ ತಡಕಾಡಿದ ಮೇಲೆ ದೋಷ ಸಿಕ್ಕಿತು. ಒಂದೇ ಒಂದು ವಿಳಾಸದ ಮೇಲ್‌ಗಳನ್ನು ಫಿಲ್ಟರ್ ತಡೆಯುತ್ತಿತ್ತು, ಆದರೆ ಅಳಿಸುತ್ತಿರಲಿಲ್ಲ. ಆರು ವರ್ಷದ್ದೆಲ್ಲ ಮೆಮೊರಿಯಲ್ಲೇ ಕೂತಿತ್ತು. ವಿಳಾಸ ಆರು ವರ್ಷದ ಹಿಂದೆ ತೀರಿಕೊಂಡ ಅಕ್ಕಮ್ಮ ಹೂಗಾರ ಅವರದು. ಆ ಪ್ರೋಗ್ರಾಂ ಬರೆದವರು ಅಕ್ಕಮ್ಮನ ಗಂಡ, ಪಕ್ಕದ ಮೇಜಿನಲ್ಲಿ ಬುತ್ತಿ ಬಿಚ್ಚುತ್ತಿದ್ದ ಹೂಗಾರ ಸರ್.

“ಸರ್, ಇದು ತಪ್ಪಿ ಆಗಿದ್ದಲ್ಲ, ಹೌದಲ್ರಿ?”

“ಅಲ್ಲವ್ವಾ.” ಹೂಗಾರ ಡಬ್ಬಿಯ ಮುಚ್ಚಳವನ್ನು ಮತ್ತೆ ಹಾಕಿದರು. “ಒಂದೂ ತಗದು ಓದಿಲ್ಲ. ಅಳಸಾಕ ಕೈ ಬರ್ಲಿಲ್ಲ, ಅಷ್ಟ.”

“ಮೆಮೊರಿ ತುಂಬಿ ಊರ ಮಂದಿ ಮೇಲ್ ಎಲ್ಲಾ ಸಿಕ್ಕೊಂಡಾವ್ರಿ, ದವಾಖಾನಿವು ಸುದ್ದಾ.”

“ಗೊತ್ತೈತಿ. ಸ್ವಲ್ಪ ಅತ್ತಾಗ ಸರಕೊ, ನಾನ ಬರೀತೀನಿ.”

ಆ ವಿಳಾಸದ ಮೇಲ್‌ಗಳನ್ನೂ ಅಳಿಸುವ, ಬೇಕೆಂದೇ ಬರೆಯದೆ ಬಿಟ್ಟಿದ್ದ ಒಂದು ಸಾಲನ್ನು ಅವರೇ ಟೈಪ್ ಮಾಡಿದರು. ತುಂಬಿದ್ದ ಮೆಮೊರಿ ಸರ್ರನೆ ಇಳಿಯಿತು. ಆರು ವರ್ಷ ಹೋಗಲು ಆರು ಸೆಕೆಂಡೂ ಹಿಡಿಯಲಿಲ್ಲ. ಕಟ್ಟಿಕೊಂಡಿದ್ದ ಬದುಕಿದ್ದವರ ಮೇಲ್‌ಗಳು ಊರಿಗೆಲ್ಲ ಹೊರಟವು.

ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಪರದೆಯ ಮೇಲೆ ಹೊಸ ಸಾಲು ಮೂಡಿತು. ಕಳಿಸಿದವರು: ಅಕ್ಕಮ್ಮ ಹೂಗಾರ. ವಿಷಯ: ಊಟ ಆತೇನ್ರಿ? ಸ್ಥಿತಿ: ಅಳಿಸಲಾಗಿದೆ.

“ಆತು,” ಎಂದರು ಹೂಗಾರ, ಪರದೆಗೆ.

ಡಬ್ಬಿ ಮುಚ್ಚಿದಂತೆಯೇ ಇತ್ತು.