ಕೇಕ್ ಮಾತಾಡುವ ಹೊತ್ತು

ಓವನ್ನಿನಿಂದ ತೆಗೆದ ಕೇಕಿನ ಮೇಲೆ ತೆಳುಬಟ್ಟೆ ಹಾಸಿ, ಅತ್ತೆ ಬಗ್ಗಿ ಕಿವಿಯಿಟ್ಟರು. ಮನೆಯ ಮುಂಭಾಗದಲ್ಲಿದ್ದ ಆ ನಾಲ್ಕು ಬೆಂಚಿನ ಹೋಟೆಲಿನಲ್ಲಿ ಗಿರಾಕಿಗಳು ಎಂದಿನಂತೆ ಉಸಿರು ಬಿಗಿಹಿಡಿದರು. ಬೆಣ್ಣೆಯ ಘಮವೊಂದೇ ಕಿಟಕಿಯ ಬಿಸಿಲಲ್ಲಿ ತೇಲಾಡುತ್ತಿತ್ತು.

ಬೇಯದ ಕೇಕು ಒಳಗೊಳಗೇ ಪಿಸುಗುಟ್ಟುತ್ತದೆ, ಬೆಂದಮೇಲೆ ಸುಮ್ಮನಾಗುತ್ತದೆ ಎನ್ನುವುದು ಅತ್ತೆಯ ನಂಬಿಕೆ. ಆದರೆ ಅವರಿಗೆ ಕಿವಿ ಪೂರ್ತಿ ಕೇಳಿಸದಂತಾಗಿ ವರ್ಷವಾಗಿತ್ತು. ಇದೆಲ್ಲ ಬರೀ ನಾಟಕ, ಇನ್ನು ಓವನ್ ನನ್ನ ಕೈಗೆ ಬರಲಿ ಎಂದು ಹೇಳಿಬಿಡಲು ಸೊಸೆ ಬೆಳಿಗ್ಗೆಯಿಂದ ಬಾಯಿಪಾಠ ಮಾಡಿಕೊಂಡಿದ್ದಳು.

"ಏನಂತೆ ಕೇಕು?" ಎಂದ ಮೂಲೆಯ ಬೆಂಚಿನ ದರ್ಜಿ.

ಅದು ಕೇಳಿಸದ ಅತ್ತೆ ತಲೆಯೆತ್ತಿ ಸೊಸೆಯತ್ತ ತಿರುಗಿದರು. "ಇನ್ನೂ ಮಾತಾಡ್ತಿದೆ. ಒಳಗಿಡೇ."

ಸೊಸೆ ಕಡ್ಡಿ ಚುಚ್ಚಿ ನೋಡಿದಳು. ತುದಿಗೆ ಹಸಿಹಿಟ್ಟು ಅಂಟಿತ್ತು! ತನ್ನ ಕಿವಿ ಮುಟ್ಟಿ, ಹೇಗೆ ಎಂದು ಕೈಸನ್ನೆ ಮಾಡಿದಳು.

ಅತ್ತೆ ನಕ್ಕರು. "ಕಿವಿ ಯಾವತ್ತೋ ಕೈಕೊಡ್ತು ಕಣೇ. ಕೆನ್ನೆಗೆ ಗೊತ್ತಾಗುತ್ತೆ, ಹೊಟ್ಟೇಲಿ ಕೂಸು ಮಿಸುಕಿದ ಹಾಗೆ. ನೀನೂ ನೋಡು, ಬಾ."

ಸೊಸೆ ಬಗ್ಗಿ, ಅತ್ತೆ ಕೆನ್ನೆಯಿಟ್ಟಿದ್ದ ಜಾಗದಲ್ಲೇ ತನ್ನ ಕೆನ್ನೆಯಿಟ್ಟು ಕಣ್ಣು ಮುಚ್ಚಿದಳು. ಬಟ್ಟೆಯಡಿ ಏನೋ ಬೆಚ್ಚಗೆ ಮಿಸುಕಿತು. ಕೇಳಿಸದು ಎಂದು ಗೊತ್ತಿದ್ದೂ, "ಅತ್ತೇ..." ಎಂದು ಪಿಸುಗುಟ್ಟಿದಳು.

ಅವಳ ಬೆನ್ನ ಮೇಲೆ ಅಂಗೈಯಿಟ್ಟಿದ್ದ ಅತ್ತೆ, "ಹೂಂ," ಎಂದರು.