ಬಾಣಂತಿಗೆ ಒಂದು ಕ್ಯಾನ್ ನಿದ್ದೆ

ನಮ್ಮೂರಿನ ನಿದ್ದೆ ಉತ್ಪಾದಕರ ಸಹಕಾರ ಸಂಘಕ್ಕೆ ಅಂದು ಬೆಳಿಗ್ಗೆ ಬಂದದ್ದೆಲ್ಲ ತೆಳು ನಿದ್ದೆ. ಪರೀಕ್ಷೆ ಮಾಡುವ ನಾನು ಹಿಂಜರಿಯುತ್ತಲೇ ಹೇಳಿದೆ, "ಸಾಕವ್ವಾ, ಇದಕ್ಕೆ ಮಧ್ಯಾಹ್ನದ ತೂಕಡಿಕೆ ಬೆರೆಸಿದ್ದೀರಿ."

"ಇನ್ನೇನ್ ಮಾಡ್ಲಿ? ನನ್ ಗಂಡನ ಗೊರಕೆ ಪಕ್ಕ ಒಂದಿನ ನೀನೇ ಮಲ್ಕಂಡು ನೋಡು!"

ಅವಳಿ ಹೆತ್ತ ಚೆಲುವಿ ಹೆರಿಗೆಯಾದಾಗಿನಿಂದ ಕಣ್ಣು ಮುಚ್ಚಿರಲಿಲ್ಲ. ಮಕ್ಕಳನ್ನು ಅತ್ತೆ ಎತ್ತಿಕೊಂಡರೂ ಅವಳಿಗೆ ನಿದ್ದೆ ಬರಲೊಲ್ಲದು. ಅಂಥವರಿಗೆ ಗಟ್ಟಿ ನಿದ್ದೆ ಕೊಡಲೆಂದೇ ಸಂಘ ಇರುವುದು. ಬೇರೆ ದಾರಿ ಕಾಣದೆ ತುರ್ತು ಸಭೆ ಕರೆದು, ನಾಲ್ಕು ಮಾತಾಡಿ ಎಂದು ಅಧ್ಯಕ್ಷ ನಂಜುಂಡಪ್ಪನವರನ್ನು ಬೇಡಿಕೊಂಡೆ. ಕಾರಣ ಹೇಳುವ ಧೈರ್ಯವಾಗಲಿಲ್ಲ.

ಭಾಷಣ ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಸದಸ್ಯರೆಲ್ಲ ಗೊರಕೆ ಹೊಡೆಯುತ್ತಿದ್ದರು. ಕುರ್ಚಿಗಳ ಕೆಳಗಿನ ಕೊಳವೆಗಳಿಂದ ಕೆನೆಗಟ್ಟಿದ ನಿದ್ದೆ ಕ್ಯಾನಿಗೆ ಇಳಿಯಿತು. ಅರ್ಧ ತುಂಬಿತ್ತಷ್ಟೆ, ಅಧ್ಯಕ್ಷರು "ಕೊನೆಯದಾಗಿ" ಎಂದುಬಿಟ್ಟರು. ಆ ಮಾತು ಕಿವಿಗೆ ಬಿದ್ದರೆ ಉಪ್ಪಿಟ್ಟಿಗೆಂದು ಎಲ್ಲರೂ ಏಳುವುದು ವಾಡಿಕೆ. ಆಗಲೇ ಒಬ್ಬಿಬ್ಬರು ಮಿಸುಕಾಡಿದರು.

ನಾನು ಓಡಿಹೋಗಿ ಅಧ್ಯಕ್ಷರ ಕಿವಿಯಲ್ಲಿ, "ಸಾರ್, ಚೆಲುವಿಗೆ ಇನ್ನೂ ಅರ್ಧ ಕ್ಯಾನ್ ಬೇಕು," ಎಂದೆ.

ಅವರು ಕ್ಯಾನ್ ನೋಡಿದರು, ಸಭೆ ನೋಡಿದರು. ಮುಖ ಸಣ್ಣದಾಯಿತು. "ಪ್ರತಿ ವರ್ಷದ ಸಭೆಯಲ್ಲೂ ನನ್ನ ಭಾಷಣಕ್ಕೆ ಹೀಗೇನಾ?"

ನಾನು ಭಾಷಣದ ಹಾಳೆಗಳನ್ನು ಮತ್ತೆ ಜೋಡಿಸಿ ಅವರ ಮುಂದಿಟ್ಟೆ.

ಅಧ್ಯಕ್ಷರು ಗಂಟಲು ಸರಿಪಡಿಸಿಕೊಂಡು ಮೊದಲ ಪುಟ ತೆರೆದರು. "ಮೊದಲನೆಯದಾಗಿ, ಬಂಧುಗಳೇ..."